ಫುಟ್‌ಬಾಲ್ ಮ್ಯಾನೇಜರ್ ಆಟದಲ್ಲಿ ತಂತ್ರಗಾರಿಕೆ ಮತ್ತು ಆಟಗಾರರ ಶೋಧ

ಫುಟ್‌ಬಾಲ್ ಮ್ಯಾನೇಜರ್ ಎಂಬುದು ಲಂಡನ್ನಿನ ಸ್ಪೋರ್ಟ್ಸ್ ಇಂಟರಾಕ್ಟಿವ್ ಸಂಸ್ಥೆಯು ರೂಪಿಸಿ, ಸೆಗಾ ಕಂಪನಿಯು ಪ್ರಕಟಿಸುವ ಕ್ರೀಡಾ ನಿರ್ವಹಣಾ ಆಟಗಳ ಸರಣಿಯಾಗಿದೆ. ಇದನ್ನು ಆಡುವವರು ಚೆಂಡನ್ನು ಒದೆಯುವುದಿಲ್ಲ; ಒಂದು ಕ್ಲಬ್ಬಿನ ವ್ಯವಸ್ಥಾಪಕರ ಸ್ಥಾನದಲ್ಲಿ ಕುಳಿತು ತಂಡವನ್ನು ಕಟ್ಟುತ್ತಾರೆ, ವ್ಯೂಹವನ್ನು ನಿರ್ಧರಿಸುತ್ತಾರೆ, ಆಟಗಾರರನ್ನು ಕೊಳ್ಳುತ್ತಾರೆ ಮತ್ತು ಮಾರುತ್ತಾರೆ. ಪಂದ್ಯವನ್ನು ಗಣಕವೇ ಆಡಿಸುತ್ತದೆ. ಹೀಗಾಗಿ ಗೆಲುವು ಸೋಲುಗಳು ಮುಖ್ಯವಾಗಿ ಎರಡು ಸಂಗತಿಗಳನ್ನು ಅವಲಂಬಿಸಿವೆ: ತಂಡವು ಹೇಗೆ ಆಡಬೇಕೆಂಬ ತಂತ್ರ, ಮತ್ತು ಆ ತಂತ್ರಕ್ಕೆ ಒಗ್ಗುವ ಆಟಗಾರರನ್ನು ಪತ್ತೆಹಚ್ಚುವ ಶೋಧಕಾರ್ಯ. ಇವೆರಡನ್ನೂ ಬೇರೆಬೇರೆ ಕೆಲಸಗಳೆಂದು ಭಾವಿಸುವುದು ಹೊಸಬರು ಮಾಡುವ ಸಾಮಾನ್ಯ ತಪ್ಪು. ಈ ಲೇಖನದಲ್ಲಿ ಆಟವನ್ನು ಆಡುವ ವ್ಯಕ್ತಿಯನ್ನು ‘ವ್ಯವಸ್ಥಾಪಕ’ ಎಂದೂ, ತಂಡದಲ್ಲಿರುವವರನ್ನು ‘ಆಟಗಾರರು’ ಎಂದೂ ಕರೆಯಲಾಗಿದೆ.

ಹಿನ್ನೆಲೆ

ಇಂಗ್ಲೆಂಡಿನ ಸಹೋದರರಾದ ಪಾಲ್ ಮತ್ತು ಆಲಿವರ್ ಕೊಲ್ಯರ್ ಬರೆದ ಚಾಂಪಿಯನ್‌ಶಿಪ್ ಮ್ಯಾನೇಜರ್ ಎಂಬ ಆಟವು 1992ರಲ್ಲಿ ಬಿಡುಗಡೆಯಾಯಿತು. 2003ರಲ್ಲಿ ಬಂದ ಅದರ ನಾಲ್ಕನೆಯ ಆವೃತ್ತಿಯಲ್ಲಿ ಪಂದ್ಯವನ್ನು ಮೇಲಿನಿಂದ ನೋಡುವಂತೆ ಎರಡು ಆಯಾಮಗಳಲ್ಲಿ ತೋರಿಸಲಾಯಿತು. ಅದಕ್ಕೆ ಮೊದಲು ಪಂದ್ಯವೆಂದರೆ ಪರದೆಯ ಮೇಲೆ ಮಿನುಗುವ ವಾಕ್ಯಗಳಷ್ಟೇ. ಪ್ರಕಾಶಕರಾದ ಐಡಾಸ್ ಸಂಸ್ಥೆಯಿಂದ ಬೇರ್ಪಟ್ಟಾಗ ಹಳೆಯ ಹೆಸರು ಐಡಾಸ್ ಬಳಿ ಉಳಿಯಿತು; ತಂತ್ರಾಂಶದ ಮೂಲಸಂಕೇತ ಮತ್ತು ಆಟಗಾರರ ದತ್ತಸಂಚಯ ಸ್ಪೋರ್ಟ್ಸ್ ಇಂಟರಾಕ್ಟಿವ್‌ನ ಪಾಲಿಗೆ ಬಂದವು. 2004ರ ನವೆಂಬರ್‌ನಲ್ಲಿ ಫುಟ್‌ಬಾಲ್ ಮ್ಯಾನೇಜರ್ 2005 ಎಂಬ ಹೊಸ ಹೆಸರಿನಲ್ಲಿ ಸರಣಿ ಮುಂದುವರಿಯಿತು. 2009ರ ಆವೃತ್ತಿಯಿಂದ ಪಂದ್ಯಗಳನ್ನು ಮೂರು ಆಯಾಮಗಳಲ್ಲಿ ನೋಡಬಹುದಾಯಿತು. 2025ರ ಆವೃತ್ತಿಯನ್ನು ಬಿಡುಗಡೆಗೆ ಮೊದಲೇ ರದ್ದುಪಡಿಸಲಾಯಿತು. ಮಹಿಳಾ ಫುಟ್‌ಬಾಲನ್ನೂ ಒಳಗೊಂಡ 2026ರ ಆವೃತ್ತಿ 2025ರ ನವೆಂಬರ್‌ನಲ್ಲಿ ಹೊರಬಂದಿತು.

ಆಟಗಾರರ ಗುಣಾಂಕಗಳು

ತಂತ್ರವಾಗಲಿ ಶೋಧವಾಗಲಿ ಅರ್ಥವಾಗಬೇಕಾದರೆ ಮೊದಲು ಆಟಗಾರರನ್ನು ಅಂಕಿಗಳಲ್ಲಿ ಹೇಗೆ ಹಿಡಿದಿಡಲಾಗಿದೆ ಎಂಬುದನ್ನು ತಿಳಿಯಬೇಕು. ಪ್ರತಿಯೊಬ್ಬ ಆಟಗಾರನ ಕೌಶಲಗಳನ್ನು 1ರಿಂದ 20ರವರೆಗಿನ ಅಂಕಗಳಲ್ಲಿ ಸೂಚಿಸಲಾಗುತ್ತದೆ. ಪಾಸ್ ನೀಡುವಿಕೆ, ಚೆಂಡನ್ನು ಕಸಿಯುವಿಕೆ ಮೊದಲಾದವು ತಾಂತ್ರಿಕ ಗುಣಗಳು. ನಿರ್ಧಾರಶಕ್ತಿ, ಮುಂಗಾಣ್ಕೆ, ಏಕಾಗ್ರತೆ ಮಾನಸಿಕ ಗುಣಗಳು. ವೇಗ, ವೇಗೋತ್ಕರ್ಷ, ದಮ್ಮು ದೈಹಿಕ ಗುಣಗಳು. ಗೋಲ್‌ಕೀಪರ್‌ಗಳಿಗೆ ಪ್ರತ್ಯೇಕ ಪಟ್ಟಿಯಿದೆ.

ಇವುಗಳ ಹಿಂದೆ ಪರದೆಗೆ ಬಾರದ ಎರಡು ಸಂಖ್ಯೆಗಳಿವೆ. ಪ್ರಸ್ತುತ ಸಾಮರ್ಥ್ಯ ಮತ್ತು ಸಂಭಾವ್ಯ ಸಾಮರ್ಥ್ಯ ಎಂಬ ಇವನ್ನು 1ರಿಂದ 200ರವರೆಗೆ ಅಳೆಯಲಾಗುತ್ತದೆ. ಪ್ರಸ್ತುತ ಸಾಮರ್ಥ್ಯವನ್ನು ಒಂದು ಕುಟುಂಬದ ತಿಂಗಳ ಆದಾಯಕ್ಕೆ ಹೋಲಿಸಬಹುದು. ಒಂದೇ ಮೊತ್ತವನ್ನು ಇಬ್ಬರು ಬೇರೆಬೇರೆ ರೀತಿಯಲ್ಲಿ ಖರ್ಚು ಮಾಡುವಂತೆ, ಒಂದೇ ಸಾಮರ್ಥ್ಯದ ಇಬ್ಬರು ಡಿಫೆಂಡರ್‌ಗಳಲ್ಲಿ ಒಬ್ಬನ ಪಾಲು ವೇಗಕ್ಕೂ ಮತ್ತೊಬ್ಬನ ಪಾಲು ಪಾಸಿನ ನಿಖರತೆಗೂ ಹೋಗಿರಬಹುದು. ಯಾವ ಗುಣಕ್ಕೆ ಎಷ್ಟು ಬೆಲೆ ಎಂಬುದು ಆಟಗಾರನ ಸ್ಥಾನವನ್ನು ಅವಲಂಬಿಸಿದೆ. ಎರಡೂ ಕಾಲುಗಳಲ್ಲಿ ಚೆನ್ನಾಗಿ ಆಡುವ ಶಕ್ತಿಗೂ ಬೆಲೆಯುಂಟು. ಆದ್ದರಿಂದ ‘ಒಟ್ಟಾರೆ ಉತ್ತಮ’ ಎಂಬ ಮಾತಿಗೆ ಈ ಆಟದಲ್ಲಿ ಅರ್ಥ ಕಡಿಮೆ. ಯಾವ ಕೆಲಸಕ್ಕೆ ಉತ್ತಮ ಎಂಬುದೇ ಪ್ರಶ್ನೆ.

ಇದಲ್ಲದೆ ಸ್ಥಿರತೆ, ಮಹತ್ವದ ಪಂದ್ಯಗಳಲ್ಲಿನ ನಿರ್ವಹಣೆ, ಗಾಯಗೊಳ್ಳುವ ಪ್ರವೃತ್ತಿ, ವೃತ್ತಿಪರತೆ, ಮಹತ್ವಾಕಾಂಕ್ಷೆ ಇತ್ಯಾದಿ ಗುಣಗಳು ಸಂಪೂರ್ಣವಾಗಿ ಮರೆಯಲ್ಲಿರುತ್ತವೆ. ವ್ಯಕ್ತಿತ್ವವನ್ನು ಸೂಚಿಸುವ ಒಂದೆರಡು ಪದಗಳು ಮತ್ತು ಸ್ಕೌಟ್‌ಗಳ ವರದಿಯಿಂದ ಅವನ್ನು ಊಹಿಸಬೇಕಾಗುತ್ತದೆ.

ತಂತ್ರಗಾರಿಕೆ

2010ರ ಆವೃತ್ತಿಯಲ್ಲಿ ತಂತ್ರ ರಚಿಸುವ ಹೊಸ ಸಾಧನವೊಂದು ಸೇರ್ಪಡೆಯಾಯಿತು. ಅದಕ್ಕೆ ಮುಂಚೆ ಪ್ರತಿ ಆಟಗಾರನ ನಡೆಯನ್ನೂ ಸರಿಸುಗುಂಡಿಗಳಿಂದ ಹೊಂದಿಸಬೇಕಿತ್ತು. 2014ರ ಆವೃತ್ತಿಯಲ್ಲಿ ಈ ಸರಿಸುಗುಂಡಿಗಳನ್ನು ತೆಗೆದುಹಾಕಲಾಯಿತು. ಅಂದಿನಿಂದ ತಂತ್ರವನ್ನು ವ್ಯೂಹ, ಮನೋಧರ್ಮ, ಪಾತ್ರ ಮತ್ತು ಸೂಚನೆ ಎಂಬ ಭಾಷೆಯಲ್ಲೇ ಬರೆಯಬೇಕಾಗಿದೆ.

ವ್ಯೂಹದ ಬಗ್ಗೆ ಹೆಚ್ಚಿನವರಲ್ಲಿ ಒಂದು ತಪ್ಪುಕಲ್ಪನೆಯಿದೆ. 2024ರವರೆಗಿನ ಆವೃತ್ತಿಗಳಲ್ಲಿ ಪರದೆಯ ಮೇಲೆ ಕಾಣುವ 4-2-3-1 ಅಥವಾ 4-4-2 ಎಂಬುದು ಚೆಂಡು ಎದುರಾಳಿಯ ಬಳಿ ಇದ್ದಾಗ ತಂಡವು ತಳೆಯುವ ರೂಪ, ಅಂದರೆ ರಕ್ಷಣೆಯ ರೂಪ. ಚೆಂಡು ತನ್ನ ಬಳಿ ಬಂದಾಗ ತಂಡದ ಆಕಾರವನ್ನು ನಿರ್ಧರಿಸುವುದು ಆಟಗಾರರಿಗೆ ವಹಿಸಿದ ಪಾತ್ರಗಳು. 4-2-3-1ರಲ್ಲಿ ಅಂಚಿನ ಇಬ್ಬರು ಮುಂಚೂಣಿಯ ಸಾಲಿನಲ್ಲಿ ನಿಂತಿರುವುದರಿಂದ ಹಿಂದೆ ಓಡಿಬಂದು ಫುಲ್‌ಬ್ಯಾಕ್‌ಗಳಿಗೆ ನೆರವಾಗುವುದು ಕಡಿಮೆ. ಅಂಚಿನಿಂದಲೇ ಪದೇಪದೇ ಗೋಲು ಬಿಟ್ಟುಕೊಡುವ ತಂಡದ ವ್ಯವಸ್ಥಾಪಕರು ಫುಲ್‌ಬ್ಯಾಕ್‌ನನ್ನು ದೂಷಿಸಿ ಹೊಸಬನನ್ನು ಕೊಳ್ಳಲು ಹೊರಡುತ್ತಾರೆ. ಆ ಇಬ್ಬರನ್ನು ಒಂದು ಸಾಲು ಹಿಂದಕ್ಕೆ ಎಳೆದರೆ ಸಮಸ್ಯೆ ಹಣವಿಲ್ಲದೆ ಬಗೆಹರಿಯುವ ಸಂದರ್ಭಗಳೂ ಉಂಟು. 2026ರ ಆವೃತ್ತಿಯಲ್ಲಿ ಚೆಂಡು ಇರುವಾಗಿನ ಮತ್ತು ಇಲ್ಲದಿರುವಾಗಿನ ವ್ಯೂಹಗಳನ್ನು ಪ್ರತ್ಯೇಕವಾಗಿ ಹೊಂದಿಸುವ ಅವಕಾಶ ನೀಡಿದ ಮೇಲೆ ಈ ಗೊಂದಲ ತಕ್ಕಮಟ್ಟಿಗೆ ತಗ್ಗಿದೆ.

ಮನೋಧರ್ಮವು ಅತಿ ರಕ್ಷಣಾತ್ಮಕದಿಂದ ಅತಿ ಆಕ್ರಮಣಕಾರಿಯವರೆಗೆ ಏಳು ಹಂತಗಳಲ್ಲಿದೆ. ಹೆಸರುಗಳು ಏನೇ ಇದ್ದರೂ ಇದು ವಾಸ್ತವವಾಗಿ ಅಪಾಯವನ್ನು ಎದುರಿಸುವ ಮಟ್ಟ. ಇದನ್ನು ಬದಲಿಸಿದಾಗ ಪಾಸಿನ ನೇರತೆ, ಆಟದ ಗತಿ, ಮೈದಾನದಲ್ಲಿ ಹರಡಿಕೊಳ್ಳುವ ಅಗಲ, ರಕ್ಷಣಾ ಸಾಲಿನ ಎತ್ತರ ಎಲ್ಲವೂ ಒಟ್ಟಿಗೆ ಸರಿಯುತ್ತವೆ. ಒಂದು ಗೋಲಿನ ಮುನ್ನಡೆಯಲ್ಲಿರುವಾಗ ಕೊನೆಯ ಹತ್ತು ನಿಮಿಷ ಅತಿ ರಕ್ಷಣಾತ್ಮಕ ಹಂತಕ್ಕೆ ಇಳಿಯುವುದು ಸಹಜ ಪ್ರತಿಕ್ರಿಯೆ. ಆದರೆ ತಂಡವು ತನ್ನ ಪೆನಾಲ್ಟಿ ಆವರಣದ ಬಳಿಗೆ ಸರಿದು, ಚೆಂಡನ್ನು ಮತ್ತೆಮತ್ತೆ ಎದುರಾಳಿಗೇ ಒಪ್ಪಿಸಿ ಗೋಲನ್ನು ಆಹ್ವಾನಿಸುವ ಸಾಧ್ಯತೆಯೇ ಹೆಚ್ಚು.

ಪಾತ್ರಗಳು ಈ ಆಟದ ಅತ್ಯಂತ ವರ್ಣಮಯ ಭಾಗ. ಅವುಗಳ ಹೆಸರುಗಳಲ್ಲಿ ಯುರೋಪಿನ ಫುಟ್‌ಬಾಲ್ ಇತಿಹಾಸವೇ ಅಡಗಿದೆ: ಹಿಂದಿನ ಮಿಡ್‌ಫೀಲ್ಡ್‌ನಿಂದ ಆಟವನ್ನು ನಡೆಸುವ ರೆಜಿಸ್ತಾ, ಒಳಅಂಚಿನಲ್ಲಿ ಮುನ್ನುಗ್ಗುವ ಮೆದ್ಜಾಲಾ, ಸ್ವತಂತ್ರ ಸೃಜನಶೀಲ ಆಟಗಾರನಾದ ತ್ರೆಕ್ವಾರ್ತಿಸ್ತಾ ಇಟಲಿಯಿಂದ ಬಂದವು. ಖಾಲಿ ಜಾಗವನ್ನು ಹುಡುಕಿ ನುಗ್ಗುವ ರೌಮ್‌ಡಾಯ್ಟರ್ ಎಂಬುದು ಜರ್ಮನಿಯ ಥಾಮಸ್ ಮುಲ್ಲರ್ ತಮ್ಮ ಆಟವನ್ನು ಬಣ್ಣಿಸಲು ಬಳಸಿದ ಪದ. ಪಾತ್ರದ ಪಕ್ಕದಲ್ಲಿ ಕಾಣುವ ಹಸಿರು ವೃತ್ತವು ಆ ಪಾತ್ರಕ್ಕೆ ಬೇಕಾದ ಗುಣಗಳು ಎಷ್ಟಿವೆ ಎಂಬ ಅಂದಾಜು ಮಾತ್ರ. ಹನ್ನೊಂದು ಹಸಿರು ವೃತ್ತಗಳನ್ನು ಜೋಡಿಸಿದೊಡನೆ ತಂಡವಾಗುವುದಿಲ್ಲ. ಎಡಗಡೆಯ ವಿಂಗರ್ ಒಳಕ್ಕೆ ನುಗ್ಗುವವನಾದರೆ ಅವನು ಬಿಟ್ಟ ಅಂಚಿಗೆ ಹಿಂದಿನಿಂದ ಫುಲ್‌ಬ್ಯಾಕ್ ಬರಬೇಕು. ಫುಲ್‌ಬ್ಯಾಕ್ ಮೇಲೆ ಹೋದರೆ ಅವನ ಜಾಗವನ್ನು ಕಾಯಲು ಮಿಡ್‌ಫೀಲ್ಡ್‌ನಲ್ಲಿ ಒಬ್ಬ ನಿಲ್ಲಬೇಕು. ಇಂತಹ ಸರಪಳಿಯನ್ನು ಕಾಣಬಲ್ಲವರು ಸಾಧಾರಣ ಆಟಗಾರರಿಂದಲೂ ಚೆನ್ನಾಗಿ ಆಡಿಸುತ್ತಾರೆ.

ಸೂಚನೆಗಳಲ್ಲಿ ಹೆಚ್ಚು ಗಮನ ಬೇಡುವವು ರಕ್ಷಣಾ ಸಾಲು ಮತ್ತು ಪ್ರೆಸ್ಸಿಂಗ್ ಆರಂಭವಾಗುವ ಸಾಲು. ಇವೆರಡರ ನಡುವಿನ ಅಂತರವೇ ಎದುರಾಳಿಗೆ ಸಿಗುವ ಜಾಗ. ಮುಂದಿನವರು ಎದುರಾಳಿಯ ಗೋಲಿನವರೆಗೆ ಬೆನ್ನಟ್ಟುತ್ತಿದ್ದು ಹಿಂದಿನವರು ತಮ್ಮ ಗೋಲಿನ ಬಳಿಯೇ ನಿಂತರೆ ನಡುವೆ ದೊಡ್ಡ ಬಯಲೇ ತೆರೆದುಕೊಳ್ಳುತ್ತದೆ. ಹಿಂದಿನವರನ್ನೂ ಮೇಲಕ್ಕೆ ತಂದರೆ ಅವರ ಬೆನ್ನ ಹಿಂದೆ ಬಯಲು ಉಂಟಾಗುತ್ತದೆ. ಆಗ ವೇಗದ ಸೆಂಟರ್‌ಬ್ಯಾಕ್‌ಗಳೂ ಮುಂದೆ ಬಂದು ಚೆಂಡನ್ನು ತೆರವುಗೊಳಿಸುವ ಗೋಲ್‌ಕೀಪರ್ ಕೂಡ ಬೇಕು. 2019ರ ಆವೃತ್ತಿಯಿಂದ ಲಭ್ಯವಿರುವ ಸಿದ್ಧ ಶೈಲಿಗಳಲ್ಲಿ ಗೇಗನ್‌ಪ್ರೆಸ್ ಬಹಳ ಜನಪ್ರಿಯ. ವೇಗವಿಲ್ಲದ, ದಮ್ಮಿಲ್ಲದ ತಂಡವೊಂದು ಅದನ್ನು ಅನುಸರಿಸಿದರೆ ಮೊದಲರ್ಧದಲ್ಲಿ ಮಿಂಚಿ ಎಪ್ಪತ್ತನೆಯ ನಿಮಿಷದ ಹೊತ್ತಿಗೆ ಬಸವಳಿಯುತ್ತದೆ. ಅಲ್ಲದೆ ಯಾವ ಹೊಸ ತಂತ್ರವೇ ಆದರೂ ತಂಡಕ್ಕೆ ರೂಢಿಯಾಗಲು ವಾರಗಟ್ಟಲೆ ಅಭ್ಯಾಸ ಬೇಕು. ಎರಡು ಸೋಲು ಕಂಡೊಡನೆ ತಂತ್ರ ಬದಲಿಸುವವರ ತಂಡಕ್ಕೆ ಯಾವುದೂ ರೂಢಿಯಾಗುವುದಿಲ್ಲ.

ಆಟಗಾರರ ಶೋಧ

ತಂತ್ರವು ಕೇಳುವ ಪ್ರಶ್ನೆಗೆ ಉತ್ತರ ಹುಡುಕುವುದೇ ಶೋಧ. ಮೇಲಿನ ಉದಾಹರಣೆಯಲ್ಲಿ ಎತ್ತರದ ರಕ್ಷಣಾ ಸಾಲನ್ನು ಬಯಸುವ ವ್ಯವಸ್ಥಾಪಕರಿಗೆ ಬೇಕಾಗಿರುವುದು ‘ಒಳ್ಳೆಯ ಸೆಂಟರ್‌ಬ್ಯಾಕ್’ ಅಲ್ಲ. ವೇಗ, ಮುಂಗಾಣ್ಕೆ ಮತ್ತು ಏಕಾಗ್ರತೆ ಇರುವ, ತಮ್ಮ ಸಂಬಳದ ಮಿತಿಯೊಳಗೆ ಸಿಗುವ ಸೆಂಟರ್‌ಬ್ಯಾಕ್. ಹುಡುಕಾಟದ ಷರತ್ತುಗಳನ್ನು ಇಷ್ಟು ನಿಖರವಾಗಿ ಇಟ್ಟುಕೊಂಡರೆ ಸಾವಿರಾರು ಹೆಸರುಗಳ ಪಟ್ಟಿ ಹತ್ತಾರಕ್ಕೆ ಇಳಿಯುತ್ತದೆ.

ಪರಿಚಯವಿಲ್ಲದ ಆಟಗಾರನ ಗುಣಾಂಕಗಳನ್ನು ಆಟವು ನೇರವಾಗಿ ತೋರಿಸುವುದಿಲ್ಲ. ಕೆಲವು ಖಾಲಿ ಇರುತ್ತವೆ. ಕೆಲವು 8–14 ಎಂಬಂತಹ ವ್ಯಾಪ್ತಿಯಾಗಿ ಕಾಣುತ್ತವೆ. ಸ್ಕೌಟ್ ಅವನನ್ನು ಹೆಚ್ಚು ಬಾರಿ ನೋಡಿದಂತೆ ಈ ವ್ಯಾಪ್ತಿ ಕಿರಿದಾಗಿ ಕೊನೆಗೆ ಒಂದು ಸಂಖ್ಯೆಗೆ ನಿಲ್ಲುತ್ತದೆ. ಸ್ಕೌಟ್‌ಗಳಿಗೂ ಗುಣಾಂಕಗಳಿವೆ. ಈಗಿನ ಸಾಮರ್ಥ್ಯವನ್ನು ಅಳೆಯುವ ಶಕ್ತಿ ಮತ್ತು ಮುಂದಿನ ಸಾಮರ್ಥ್ಯವನ್ನು ಅಳೆಯುವ ಶಕ್ತಿ ಎರಡೂ ಪ್ರತ್ಯೇಕ. ಮೊದಲನೆಯದರಲ್ಲಿ ನಿಪುಣನಾದವನನ್ನು ಬಾಲಪ್ರತಿಭೆಗಳ ಹುಡುಕಾಟಕ್ಕೆ ಕಳಿಸಿದರೆ ಬರುವ ವರದಿಯನ್ನು ನಂಬುವಂತಿಲ್ಲ.

ವರದಿಯಲ್ಲಿ ಕಾಣುವ ನಕ್ಷತ್ರಗಳು ಅತಿ ಹೆಚ್ಚು ಜನರನ್ನು ದಾರಿತಪ್ಪಿಸಿವೆ. ಅವು ಆಟಗಾರನ ನಿಜವಾದ ಮಟ್ಟವನ್ನಲ್ಲ, ವ್ಯವಸ್ಥಾಪಕರ ಈಗಿನ ತಂಡಕ್ಕೆ ಹೋಲಿಸಿದ ಮಟ್ಟವನ್ನು, ಅದೂ ಆ ಸ್ಕೌಟ್‌ನ ಅಭಿಪ್ರಾಯದಂತೆ, ಸೂಚಿಸುತ್ತವೆ. ಕೆಳದರ್ಜೆಯ ಕ್ಲಬ್ಬಿನಲ್ಲಿ ನಾಲ್ಕು ನಕ್ಷತ್ರ ಪಡೆದ ಆಟಗಾರನೇ ಪ್ರೀಮಿಯರ್ ಲೀಗ್ ಕ್ಲಬ್ಬಿನ ದೃಷ್ಟಿಯಲ್ಲಿ ಒಂದು ನಕ್ಷತ್ರಕ್ಕೆ ಇಳಿಯಬಹುದು. ತಂಡ ಸುಧಾರಿಸುತ್ತ ಹೋದಂತೆ ಹಳೆಯ ಆಟಗಾರರ ನಕ್ಷತ್ರಗಳು ಉದುರುತ್ತವೆ. ಅವರು ಕೆಟ್ಟವರಾದರೆಂದು ಇದರರ್ಥವಲ್ಲ.

ಕಿರಿಯರ ವಿಷಯದಲ್ಲಿ ಅನಿಶ್ಚಿತತೆ ಇನ್ನೂ ಹೆಚ್ಚು. ದತ್ತಸಂಚಯದಲ್ಲಿ ಹಲವು ಎಳೆಯರ ಸಂಭಾವ್ಯ ಸಾಮರ್ಥ್ಯವನ್ನು ನಿಶ್ಚಿತ ಸಂಖ್ಯೆಯಾಗಿ ಬರೆಯದೆ ಒಂದು ಪಟ್ಟಿಯಾಗಿ ಸೂಚಿಸಲಾಗುತ್ತದೆ. ಉದಾಹರಣೆಗೆ ಋಣ 9 ಎಂದು ಬರೆದರೆ 150 ಮತ್ತು 180ರ ನಡುವಿನ ಯಾವುದೋ ಸಂಖ್ಯೆಯನ್ನು ಆಟ ಆರಂಭವಾಗುವಾಗ ಗಣಕ ಆರಿಸಿಕೊಳ್ಳುತ್ತದೆ. ಹೀಗಾಗಿ ಒಬ್ಬರ ಆಟದಲ್ಲಿ ವಿಶ್ವದ ಶ್ರೇಷ್ಠನಾದ ಹುಡುಗ ಮತ್ತೊಬ್ಬರ ಆಟದಲ್ಲಿ ಸಾಮಾನ್ಯನಾಗಿ ಉಳಿಯುತ್ತಾನೆ. ಸಂಭಾವ್ಯ ಸಾಮರ್ಥ್ಯ ಹೆಚ್ಚಿದ್ದರೂ ಅದನ್ನು ತಲುಪುವ ಖಾತ್ರಿಯಿಲ್ಲ: ವೃತ್ತಿಪರತೆ, ಪಂದ್ಯಗಳಲ್ಲಿ ಸಿಗುವ ಅವಕಾಶ, ತರಬೇತಿ, ಗಾಯಗಳು ಇವೆಲ್ಲ ಸೇರಿ ಬೆಳವಣಿಗೆಯನ್ನು ನಿರ್ಧರಿಸುತ್ತವೆ. ದೊಡ್ಡ ಕ್ಲಬ್ಬುಗಳು ಹದಿನೆಂಟರ ಪ್ರತಿಭೆಗಳನ್ನು ಕೊಂಡು ಬೆಂಚಿನಲ್ಲಿ ಕೂರಿಸಿ ಹಾಳುಮಾಡುವ ದೃಶ್ಯ ಈ ಆಟದಲ್ಲೂ ಅಪರೂಪವಲ್ಲ.

2021ರ ಆವೃತ್ತಿಯಲ್ಲಿ ನಿರೀಕ್ಷಿತ ಗೋಲುಗಳ ಲೆಕ್ಕ, 2022ರಲ್ಲಿ ದತ್ತಾಂಶ ಕೇಂದ್ರ, 2023ರಲ್ಲಿ ಮುಂದಿನ ಋತುಗಳ ತಂಡವನ್ನು ಯೋಜಿಸುವ ಪುಟ ಸೇರಿದವು. ಇವುಗಳಿಂದ ಗುಣಾಂಕಗಳನ್ನು ನೋಡದೆ, ಕೇವಲ ಮೈದಾನದ ನಿರ್ವಹಣೆಯನ್ನು ಆಧರಿಸಿ ಆಟಗಾರರನ್ನು ಆರಿಸುವ ಕಠಿಣ ಪದ್ಧತಿಯೂ ಕೆಲವರಲ್ಲಿ ಬೆಳೆದಿದೆ.

ಭಾರತದ ಕ್ಲಬ್ಬುಗಳು

2024ರವರೆಗಿನ ಹಲವು ಆವೃತ್ತಿಗಳಲ್ಲಿ ಇಂಡಿಯನ್ ಸೂಪರ್ ಲೀಗ್ ಆಡಲು ಲಭ್ಯವಿದ್ದು, 2013ರಲ್ಲಿ ಸ್ಥಾಪನೆಯಾದ ಬೆಂಗಳೂರು ಎಫ್‌ಸಿ ತಂಡವನ್ನೂ ನಿರ್ವಹಿಸಬಹುದು. ಇಲ್ಲಿ ಶೋಧದ ಲೆಕ್ಕಾಚಾರವೇ ಬೇರೆ. 2021–22ರ ಋತುವಿನಿಂದ ಲೀಗಿನ ನಿಯಮದಂತೆ ಏಕಕಾಲಕ್ಕೆ ನಾಲ್ವರು ವಿದೇಶಿಯರಷ್ಟೇ ಮೈದಾನದಲ್ಲಿರಬಹುದು. ಉಳಿದ ಏಳು ಸ್ಥಾನಗಳು ಭಾರತೀಯರದ್ದು. ವಿದೇಶಿ ಸ್ಟ್ರೈಕರ್‌ಗಾಗಿ ಖಂಡಾಂತರ ಅಲೆಯುವುದಕ್ಕಿಂತ ಒಬ್ಬ ಒಳ್ಳೆಯ ಭಾರತೀಯ ಫುಲ್‌ಬ್ಯಾಕ್‌ನನ್ನು ಮೊದಲೇ ಗುರುತಿಸುವುದು ಇಂತಹ ಲೀಗಿನಲ್ಲಿ ಹೆಚ್ಚು ಲಾಭದಾಯಕ.

ಟೀಕೆ

ಆಟದ ಅಭಿಮಾನಿಗಳು ನಡೆಸಿದ ಪರೀಕ್ಷೆಗಳಲ್ಲಿ ವೇಗ ಮತ್ತು ವೇಗೋತ್ಕರ್ಷ ಇತರ ಗುಣಗಳಿಗಿಂತ ಬಹಳ ಹೆಚ್ಚು ಪರಿಣಾಮ ಬೀರುವುದು ಪದೇಪದೇ ಕಂಡುಬಂದಿದೆ. ಇದು ನಿಜವಾದ ಫುಟ್‌ಬಾಲಿಗೆ ದೂರವೆಂಬ ಆಕ್ಷೇಪವಿದೆ. ಕೆಲವು ಆವೃತ್ತಿಗಳಲ್ಲಿ ಕಾರ್ನರ್ ಒದೆತವನ್ನು ಒಂದು ನಿರ್ದಿಷ್ಟ ಬಗೆಯಲ್ಲಿ ಹೊಂದಿಸಿ ಅಸಹಜ ಸಂಖ್ಯೆಯಲ್ಲಿ ಗೋಲು ಗಳಿಸುವ ಲೋಪಗಳೂ ಇದ್ದವು. ಸೋತ ಪಂದ್ಯವನ್ನು ಉಳಿಸಿಟ್ಟ ಕಡತದಿಂದ ಮತ್ತೆ ಆಡುವ ಅಭ್ಯಾಸಕ್ಕೆ ಆಟ ತಡೆಯೊಡ್ಡುವುದಿಲ್ಲ; ಅದು ಆಡುವವರ ಮನಸ್ಸಾಕ್ಷಿಗೆ ಬಿಟ್ಟ ವಿಚಾರ.

ನೈಜ ಫುಟ್‌ಬಾಲಿನೊಂದಿಗೆ ಸಂಬಂಧ

ಆಟದ ಅಂಕಗಳನ್ನು ನೀಡುವವರು ವಿವಿಧ ದೇಶಗಳಲ್ಲಿ ಕ್ಲಬ್ಬುಗಳನ್ನು ಸತತವಾಗಿ ಗಮನಿಸುವ ಸಾವಿರಕ್ಕೂ ಹೆಚ್ಚು ಸಂಶೋಧಕರು. ಇಷ್ಟು ದೊಡ್ಡ ಜಾಲದಲ್ಲಿ ತಪ್ಪುಗಳೂ ನುಸುಳಿವೆ. 2001–02ರ ಚಾಂಪಿಯನ್‌ಶಿಪ್ ಮ್ಯಾನೇಜರ್‌ನಲ್ಲಿ ಗೋಲುಗಳ ಸುರಿಮಳೆಗರೆದ ಪೋರ್ಚುಗಲ್‌ನ ತೋ ಮದೇರಾ ಎಂಬ ಆಟಗಾರ ವಾಸ್ತವದಲ್ಲಿ ಇರಲೇ ಇಲ್ಲ. ಅಲ್ಲಿನ ಸಂಶೋಧಕರೊಬ್ಬರು ಸೇರಿಸಿದ ಕಾಲ್ಪನಿಕ ಹೆಸರು ಅದು.

ನಿಜವಾಗಿಯೂ ಇದ್ದವರ ಮೇಲೆ ಬಿದ್ದ ಹೊರೆ ಇದಕ್ಕಿಂತ ಗಂಭೀರವಾದುದು. ಡರ್ಬಿ ಕೌಂಟಿಯ ಟಾಂಟನ್ ಜೋಲಾ ಮೌಕೊಕೊ ಆಟದಲ್ಲಿ ದಂತಕಥೆಯಾದರೂ ಆ ಕ್ಲಬ್ಬಿನ ಮುಖ್ಯ ತಂಡಕ್ಕೆ ಒಂದೂ ಪಂದ್ಯ ಆಡಲಿಲ್ಲ. ಮಿಲ್‌ವಾಲ್‌ನಲ್ಲಿ ಬೆಳೆದ ಚೆರ್ನೊ ಸಾಂಬಾ ಹಾಗೂ ಹದಿನಾಲ್ಕನೆಯ ವಯಸ್ಸಿಗೇ ಡಿ.ಸಿ. ಯುನೈಟೆಡ್ ಸೇರಿದ ಅಮೆರಿಕದ ಫ್ರೆಡ್ಡಿ ಅಡು ಅವರ ವೃತ್ತಿಜೀವನವನ್ನೂ ಅಭಿಮಾನಿಗಳು ಆಟದ ಅಂಕಗಳೊಂದಿಗೆ ಹೋಲಿಸುತ್ತಲೇ ಬಂದಿದ್ದಾರೆ. ಸಾಂಬಾ ಮುಂದೆ ಗ್ಯಾಂಬಿಯಾ ದೇಶದ ಪರ ಆಡಿದರು. ಅಡು 2007ರಲ್ಲಿ ಬೆನ್ಫಿಕಾ ಸೇರಿದ ಬಳಿಕ ಎರವಲಿನ ಮೇಲೆ ಹಲವು ಕ್ಲಬ್ಬುಗಳಿಗೆ ಹೋಗಬೇಕಾಯಿತು.

ಇಷ್ಟಾದರೂ ದತ್ತಸಂಚಯದ ಉಪಯುಕ್ತತೆಯನ್ನು ವೃತ್ತಿಪರ ವಲಯ ಗುರುತಿಸಿದೆ. ಇಂಗ್ಲೆಂಡಿನ ಎವರ್ಟನ್ ಕ್ಲಬ್ 2008ರಲ್ಲಿ ತನ್ನ ಶೋಧಕಾರ್ಯಕ್ಕೆ ಇದನ್ನು ಬಳಸಿಕೊಳ್ಳಲು ಒಪ್ಪಂದ ಮಾಡಿಕೊಂಡಿತು. 2014ರಲ್ಲಿ ಪ್ರೋಜೋನ್ ಸಂಸ್ಥೆಯು ಕ್ಲಬ್ಬುಗಳಿಗೆ ಒದಗಿಸುತ್ತಿದ್ದ ಆಟಗಾರರ ಶೋಧ ತಂತ್ರಾಂಶದಲ್ಲಿ ಈ ಮಾಹಿತಿಯನ್ನು ಸೇರಿಸಲಾಯಿತು.