ಗಣಕದಲ್ಲಿ ಗ್ರಂಥನಾಮ: ಕನ್ನಡಾಕ್ಷರದ ಕಡತನಾಮಗಳೂ ಜಾಲವಿಳಾಸಗಳೂ

ಹಸ್ತಪ್ರತಿಗಳ ರಕ್ಷಣೆಯು ಓಲೆಗಳಿಗೆ ಹುಳು ಹಿಡಿಯದಂತೆ ಕಾಪಾಡುವುದರಿಂದ ಮುಗಿಯುವುದಿಲ್ಲ. ಕಟ್ಟಿನಿಂದ ಬೇರ್ಪಟ್ಟ ಗರಿಯು ಕೆಡದೆ ಉಳಿದಿದ್ದರೂ ಗ್ರಂಥಕ್ಕೆ ನಷ್ಟವೇ. ಓಲೆಗರಿಗಳ ಛಾಯಾಪ್ರತಿಗಳನ್ನು ಗಣಕಯಂತ್ರದಲ್ಲಿ ಕೂಡಿಡುವಾಗ ಕಟ್ಟಿನ ದಾರದ ಕೆಲಸವನ್ನು ಮಾಡುವುದು ಕಡತದ ಹೆಸರು. ಆ ಹೆಸರನ್ನು ಕನ್ನಡಾಕ್ಷರಗಳಲ್ಲಿ ಇಡುವಾಗ ಗಮನಿಸಬೇಕಾದ ಅಂಶಗಳು ವಿಚಾರಾರ್ಹವಾಗಿವೆ.

1983ರಲ್ಲಿ ರೂಪುಗೊಂಡ ಜಾಲನಾಮಗಳ ವ್ಯವಸ್ಥೆಯಲ್ಲಿ ರೂಢಿಯಿಂದ 26 ರೋಮನ್ ಅಕ್ಷರ, 10 ಅಂಕಿ, ಒಂದು ಅಡ್ಡಗೆರೆ ಇವಿಷ್ಟಕ್ಕೇ ಎಡೆಯಿದ್ದಿತು. ವಿಶೇಷ ಚಿಹ್ನೆಗಳಿಲ್ಲದ ರೋಮನ್ ಬರವಣಿಗೆಯಲ್ಲಿ ಲಕಾರ ಳಕಾರಗಳ ಮತ್ತು ಎಕಾರ ಏಕಾರಗಳ ಭೇದ ಅಳಿಯುತ್ತದೆ. ಱ, ೞಗಳ ಮಾತಂತೂ ಹೇಳಬೇಕಾದುದಿಲ್ಲ. 1991ರಲ್ಲಿ ಮೊದಲು ಪ್ರಕಟವಾದ ಯೂನಿಕೋಡ್ ಸಂಕೇತಪದ್ಧತಿಯು ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಟ್ಟಿದೆ. ಈ ಎರಡು ಹಳಗನ್ನಡ ಅಕ್ಷರಗಳಿಗೂ ಅದರಲ್ಲಿ ಸ್ಥಾನವುಂಟು. ಆದರೆ ೞಕಾರಕ್ಕೆ ಅಲ್ಲಿ ‘ಫ’ ಎಂಬ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಅದು ತಿದ್ದುಪಡಿಯ ಟಿಪ್ಪಣಿಯೊಡನೆ ಇಂದಿಗೂ ಉಳಿದಿದೆ.

ಜಾಲವಿಳಾಸದಲ್ಲಿ ಎರಡು ಭಾಗಗಳಿವೆ. ಮೊದಲನೆಯದಾದ ಸಂಸ್ಥಾನಾಮವನ್ನು ಅನ್ಯಲಿಪಿಗಳಲ್ಲಿ ಬರೆದಾಗ ಒಳಗಿಂದೊಳಗೆ ರೋಮನ್ ಅಕ್ಷರಗಳಿಗೆ ಪರಿವರ್ತಿಸುವ ವಿಧಾನವು 2003ರಲ್ಲಿ ನಿಶ್ಚಿತವಾಗಿ, 2010ರಲ್ಲಿ ಪರಿಷ್ಕೃತವಾಯಿತು. ‘.ಭಾರತ’ ಎಂದು ಕನ್ನಡದಲ್ಲಿ ಕೊನೆಗೊಳ್ಳುವ ವಿಳಾಸಗಳಿಗೆ ಇದೇ ಆಧಾರ. ಎರಡನೆಯದಾದ ಕಡತನಾಮದ ಭಾಗದಲ್ಲಿ ಕ್ರಮ ಬೇರೆ. ‘ಯಶೋಧರಚರಿತೆ’ ಎಂಬ ಹೆಸರಿನಲ್ಲಿ ಸ್ವರಚಿಹ್ನೆಗಳೂ ಸೇರಿ 10 ಸಂಕೇತಗಳಿವೆ. ಒಂದೊಂದು ಸಂಕೇತಕ್ಕೆ ಮೂರು ಬೈಟುಗಳು. ಒಂದೊಂದು ಬೈಟನ್ನು ಬರೆಯಲು ಶೇಕಡಾ ಚಿಹ್ನೆಯೂ ಸೇರಿ ಮೂರು ಲೇಖನಚಿಹ್ನೆಗಳು. ಓದುಗನಿಗೆ ಕಾಣುವುದು ಎಂಟು ಮಾತ್ರೆಗಳ ಕನ್ನಡನಾಮವಾದರೂ ಯಂತ್ರಗಳ ನಡುವೆ ಸಾಗುವುದು 90 ಚಿಹ್ನೆಗಳ ಸಾಲು. ಲಿನಕ್ಸ್ ವ್ಯವಸ್ಥೆಯಲ್ಲಿ ಕಡತನಾಮಕ್ಕೆ ಸಾಮಾನ್ಯವಾಗಿ 255 ಬೈಟುಗಳ ಮಿತಿಯಿರುವುದರಿಂದ 85 ಕನ್ನಡ ಸಂಕೇತಗಳಿಗಿಂತ ದೀರ್ಘವಾದ ಹೆಸರು ಅಲ್ಲಿ ಹಿಡಿಸದು.

ಇದಕ್ಕಿಂತ ಮುಖ್ಯವಾದುದು ಹೆಸರುಗಳ ಏಕತೆಯ ಪ್ರಶ್ನೆ. ಇಲ್ಲಿ ಮೂರು ಬಗೆಯ ಭೇದಗಳನ್ನು ಬೇರ್ಪಡಿಸಿ ತಿಳಿಯಬೇಕು.

ಮೊದಲನೆಯದು ಕಣ್ಣಿಗೆ ಕಾಣದ ಭೇದ. ‘ಶೋ’ ಎಂಬಲ್ಲಿನ ಓತ್ವವನ್ನು ಒಂದೇ ಸಂಕೇತವಾಗಿ ಇಡಬಹುದು. ಎತ್ವ, ಕೊಂಬಿನ ಇಳಿ, ದೀರ್ಘ ಎಂದು ಮೂರಾಗಿ ಬಿಡಿಸಿಯೂ ಇಡಬಹುದು. ಆಪಲ್ ಸಂಸ್ಥೆಯು 1998ರಲ್ಲಿ ತಂದ ಕಡತವ್ಯವಸ್ಥೆಯು ಹೆಸರುಗಳನ್ನು ಬಿಡಿಸಿ ಇಡುತ್ತಿದ್ದಿತು. ಲಿನಕ್ಸ್ ಸಾಮಾನ್ಯವಾಗಿ ಕೊಟ್ಟಂತೆಯೇ ಇಡುತ್ತದೆ. ಆದ್ದರಿಂದ ಒಂದರಿಂದ ಇನ್ನೊಂದಕ್ಕೆ ಸಾಗಿಸಿದ ‘ಯಶೋಧರಚರಿತೆ’ಯು ಎದುರಿಗಿದ್ದೂ ಹುಡುಕಿದಾಗ ಸಿಕ್ಕದೆ ಹೋಗಬಹುದು. ಈ ದೋಷಕ್ಕೆ ಪರಿಹಾರವುಂಟು. ಯೂನಿಕೋಡ್ ವಿಧಿಸಿರುವ ಕೂಡಿಸಿದ ರೂಪಕ್ಕೆ ಎಲ್ಲ ಹೆಸರುಗಳನ್ನೂ ಯಂತ್ರದಿಂದಲೇ ತರಬಹುದು.

ಎರಡನೆಯದು ಕಣ್ಣನ್ನು ವಂಚಿಸುವ ಸಾಮ್ಯ. ‘ಶಾಂತಿಪುರಾಣ’ದ ಬಿಂದುವಿಗೆ ಬದಲಾಗಿ ಕನ್ನಡದ ಸೊನ್ನೆಯನ್ನು ಒತ್ತಿದರೆ ಓದುವವರಿಗೆ ವ್ಯತ್ಯಾಸ ತೋರದು, ಯಂತ್ರಕ್ಕೆ ಅದು ಬೇರೆಯೇ ಹೆಸರು. ಇದು ಲಿಪಿಕಾರನ ಸ್ಖಾಲಿತ್ಯಕ್ಕೆ ಸಮಾನ. ಮೇಲಿನ ಏಕರೂಪೀಕರಣವು ಇದನ್ನು ತಿದ್ದದು. ಪ್ರತ್ಯೇಕ ಪರಿಶೋಧನೆಯೇ ಬೇಕು.

ಮೂರನೆಯದು ನಿಜವಾದ ಪಾಠಾಂತರ. ಮೂಡಬಿದಿರೆಯಲ್ಲಿ ಕನ್ನಡ ಲಿಪಿಯ ಓಲೆಗಳಲ್ಲಿ ಉಳಿದುಬಂದು, 1939ರಿಂದ ನಾಗರಿಯಲ್ಲಿ ಅಚ್ಚಾದ ಸಿದ್ಧಾಂತಟೀಕೆಯನ್ನು ಕೆಲವರು ‘ಧವಲಾ’ ಎಂದೂ ಕೆಲವರು ‘ಧವಳಾ’ ಎಂದೂ ಬರೆಯುತ್ತಾರೆ. ಪಂಡಿತರಿಗೆ ಗ್ರಂಥ ಒಂದೇ, ಯಂತ್ರಕ್ಕೆ ಎರಡು. ನಾಗರಿಯಲ್ಲಿ ಬರೆದರೆ ಮೂರನೆಯದು. ಇವನ್ನು ಒಂದುಗೂಡಿಸುವ ಅಧಿಕಾರ ಯಾವ ಸಂಕೇತಪದ್ಧತಿಗೂ ಇಲ್ಲ. ಅದು ಸೂಚಿಕಾರನ ವಿವೇಚನೆಗೆ ಸೇರಿದುದು.

ಆದುದರಿಂದ ಪ್ರತಿಯ ಕ್ರಮಾಂಕ, ಗ್ರಂಥದ ಸಂಕ್ಷಿಪ್ತನಾಮ, ಗರಿಯ ಸಂಖ್ಯೆ ಇವಿಷ್ಟನ್ನೇ ಕಡತನಾಮದಲ್ಲಿ ಕೂಡಿಸಿದ ರೂಪದಲ್ಲಿ ಇಟ್ಟು, ಉಳಿದ ನಾಮಾಂತರಗಳೆಲ್ಲವನ್ನೂ ಸೂಚಿಯಲ್ಲಿ ಆ ಕ್ರಮಾಂಕದ ಎದುರಿಗೆ ದಾಖಲಿಸುವುದು ಉಚಿತ. ಒಂದು ಪಾಠವನ್ನು ಮೇಲೆ ಸ್ವೀಕರಿಸಿ ಉಳಿದವನ್ನು ಅಡಿಯಲ್ಲಿ ಕೊಡುವ ಗ್ರಂಥಸಂಪಾದನೆಯ ಕ್ರಮವೇ ಇಲ್ಲಿಯೂ ಸಲ್ಲುತ್ತದೆ.