ದೇವರ ಪಟ: ಅಚ್ಚಿಗಿಂತ ಮೊದಲು

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು - ಈ ಭಾಗದಲ್ಲಿ ದೇವರ ಜಗಲಿಯ ಮೇಲೆ ಅಚ್ಚಿನ ಪಟವಿಲ್ಲದ ಮನೆ ಅಪರೂಪ. ಲಕ್ಷ್ಮಿಯಿರಲಿ, ಶ್ರೀರಾಮ ಪಟ್ಟಾಭಿಷೇಕವಿರಲಿ, ಜಾತ್ರೆಯ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತವೆ. ಅಚ್ಚಿನ ಯಂತ್ರ ಬರುವ ಮೊದಲು ಇಂಥ ಪಟಗಳನ್ನು ಕೈಯಿಂದಲೇ ಬರೆಯಬೇಕಿತ್ತು. ಆ ಕ್ರಮವನ್ನು ಕನ್ನಡ ನಾಡಿನಲ್ಲಿ ಉಳಿಸಿಕೊಂಡು ಬಂದ ಸಂಪ್ರದಾಯಗಳಲ್ಲಿ ಮೈಸೂರು ಶೈಲಿ ಪ್ರಮುಖವಾದುದು.

1565ರ ರಕ್ಕಸತಂಗಡಿ ಯುದ್ಧದ ನಂತರ ವಿಜಯನಗರದ ಚಿತ್ರಗಾರರು ಚದುರಿಹೋದರು. ಕೆಲವರಿಗೆ ಮೈಸೂರು ಒಡೆಯರ ಆಶ್ರಯ ದೊರೆಯಿತು. ಮುಮ್ಮಡಿ ಕೃಷ್ಣರಾಜ ಒಡೆಯರ (1794-1868) ಕಾಲದಲ್ಲಿ ಈ ಕಲೆ ಉಚ್ಛ್ರಾಯಕ್ಕೇರಿತು. ಅವರ ಆಸ್ಥಾನದಲ್ಲಿ ಸಿದ್ಧವಾದ 'ಶ್ರೀತತ್ತ್ವನಿಧಿ' ಒಂಬತ್ತು ಭಾಗಗಳ ಸಚಿತ್ರ ಗ್ರಂಥ. ಯಾವ ದೇವತೆಗೆ ಎಷ್ಟು ಕೈ, ಯಾವ ಆಯುಧ, ಯಾವ ಬಣ್ಣ ಎಂಬುದನ್ನು ಅದು ಧ್ಯಾನಶ್ಲೋಕಗಳ ಸಮೇತ ತಿಳಿಸುತ್ತದೆ. ಪಟ ಪೂಜೆಗೆ ಸಲ್ಲುವಂಥದು. ಆದ್ದರಿಂದ ಚಿತ್ರಗಾರ ಮನಸ್ಸಿಗೆ ಬಂದಂತೆ ಬರೆಯುವಂತಿರಲಿಲ್ಲ.

ಬರೆಯುವ ಕೆಲಸ ನಿಧಾನದ್ದು. ಹುಣಸೆ ಕಡ್ಡಿ ಸುಟ್ಟು ಮಾಡಿದ ಇದ್ದಿಲಿನಿಂದ ಮೊದಲು ರೇಖೆ ಎಳೆಯುತ್ತಿದ್ದರು. ಸಸ್ಯ ಮತ್ತು ಖನಿಜಗಳ ಬಣ್ಣವನ್ನು ಗೋಂದಿನ ನೀರಿನಲ್ಲಿ ಕಲಸಿ, ಅಳಿಲಿನ ಕೂದಲಿನ ಕುಂಚದಿಂದ ತುಂಬುತ್ತಿದ್ದರು. ಒಡವೆ, ಕಿರೀಟ, ಸೀರೆಯಂಚು ಬರುವ ಕಡೆ ಸಫೇದ ಪುಡಿ, ಮಕ್ಕಿ ಎಂಬ ಹಳದಿ ಅಂಟು ಮತ್ತು ಗೋಂದು ಬೆರೆಸಿದ ಪಾಕದಿಂದ ಸಣ್ಣ ಉಬ್ಬುಗೆಲಸ ಮಾಡಿ, ಅದರ ಮೇಲೆ ಚಿನ್ನದ ರೇಕು ಅಂಟಿಸುತ್ತಿದ್ದರು. ತಂಜಾವೂರು ಚಿತ್ರಗಳ ಉಬ್ಬು ದಪ್ಪ, ಅಲ್ಲಿ ಹರಳುಗಳೂ ಉಂಟು; ಮೈಸೂರಿನದು ತೆಳು, ನಯ.

1894ರಲ್ಲಿ ರಾಜಾ ರವಿವರ್ಮ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದರು. ಅರಮನೆ, ಶ್ರೀಮಂತರ ಮನೆಗಳಿಗೆ ಸೀಮಿತವಾಗಿದ್ದ ದೇವರ ಚಿತ್ರ ಅಚ್ಚಿನ ಮೂಲಕ ಸಾಮಾನ್ಯರ ಗೋಡೆಗೆ ಬಂತು. ಗುಡಿಯೊಳಗೆ ಕಾಲಿಡಲು ಬಿಡದಿದ್ದ ಜನರಿಗೂ ಮನೆಯಲ್ಲೇ ದರ್ಶನ ಸಾಧ್ಯವಾಯಿತು. ಇದು ಸಣ್ಣ ಲಾಭವಲ್ಲ. ಆದರೆ ಚಿತ್ರಗಾರನ ಅನ್ನಕ್ಕೆ ಕುತ್ತು ಬಂದದ್ದೂ ಇದೇ ಅಚ್ಚಿನಿಂದ.

ಮೈಸೂರು ಸಾಂಪ್ರದಾಯಿಕ ಚಿತ್ರಕಲೆಗೆ 2005ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಹೆಸರಿಗೆ ಕಾನೂನಿನ ರಕ್ಷಣೆ ಸಿಕ್ಕಿತು. ಕಲೆಗೆ ರಕ್ಷಣೆ ಸಿಗಬೇಕಾದದ್ದು ಕೊಳ್ಳುವವರಿಂದ. ಪಟವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಉಬ್ಬುಗೆಲಸದ ನೆರಳು ಕಾಣಬೇಕು. ಅಪ್ಪಟ ಚಿನ್ನ ಕಪ್ಪಾಗುವುದಿಲ್ಲ, ಹಿತ್ತಾಳೆಯ ರೇಕು ಕಪ್ಪಾಗುತ್ತದೆ. ಇಷ್ಟು ತಿಳಿದು ಕೊಂಡರೆ ಚಿತ್ರಗಾರನ ದುಡಿಮೆಗೆ ತಕ್ಕ ಬೆಲೆ ಸಂದೀತು.