ಈ ಎಲೆ ಒಗೆದರೆ ರಮ್ಮಿಯಲ್ಲಿ ಗೆಲುವು ಖಚಿತವೇ? ಫಾರ್ವರ್ಡ್ ಸಂದೇಶಗಳಲ್ಲಿ ನಿಜವೆಷ್ಟು, ಸುಳ್ಳೆಷ್ಟು?

ಪಂಚಮಿ, ದೀಪಾವಳಿ ಬಂದರೆ ಶಹಾಪುರ, ಸುರಪುರ ಕಡೆಯ ಹಳ್ಳಿಗಳ ಕಟ್ಟೆಗಳಲ್ಲಿ ಇಸ್ಪೀಟು ಎಲೆ ಬೀಳುವುದು ಹೊಸದೇನಲ್ಲ. ಈಗ ಆ ಆಟ ಮೊಬೈಲಿಗೂ ಬಂದಿದೆ. ಅದರ ಬೆನ್ನಿಗೇ ಫಾರ್ವರ್ಡ್‌ಗಳೂ ಬಂದಿವೆ: ‘ಯಾವ ಎಲೆ ಯಾವಾಗ ಒಗೆಯಬೇಕು ಅನ್ನುವ ಗುಟ್ಟು ತಿಳಿದರೆ ರಮ್ಮಿಯಲ್ಲಿ ಸೋಲೇ ಇಲ್ಲ, ದಿನಾ ದುಡ್ಡು ಗಳಿಸಿ.’ ಹತ್ತಿ ಮಾರಿದ ಹಣ ಖಾತೆಗೆ ಬಿದ್ದ ಹೊತ್ತಿನಲ್ಲಿ ಇಂಥ ಸಂದೇಶ ಕಣ್ಣಿಗೆ ಬಿದ್ದರೆ ಆಸೆಯಾಗುವುದು ಸಹಜ. ಹಾಗಾಗಿ ಇದರಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ಒಂದೊಂದಾಗಿ ನೋಡೋಣ.

ಹೇಳಿಕೆ 1: ‘ದೊಡ್ಡ ಎಲೆಗಳನ್ನು ಮೊದಲು ಒಗೆಯಿರಿ’

ಇದು ಬಹುಮಟ್ಟಿಗೆ ಸರಿ. 13 ಎಲೆಯ ರಮ್ಮಿಯಲ್ಲಿ ಎಕ್ಕ, ರಾಜ, ರಾಣಿ, ಗುಲಾಮ ತಲಾ 10 ಪಾಯಿಂಟ್. ಉಳಿದ ಎಲೆಗಳಿಗೆ ಅವುಗಳ ಮೇಲಿನ ಸಂಖ್ಯೆಯಷ್ಟು ಪಾಯಿಂಟ್. ಎದುರಿನವರು ಶೋ ಮಾಡಿದಾಗ ನಿಮ್ಮ ಕೈಯಲ್ಲಿ ಜೋಡಿಯಾಗದೆ ಉಳಿದ ಎಲೆಗಳ ಪಾಯಿಂಟ್ ನಿಮ್ಮ ತಲೆಗೆ ಬೀಳುತ್ತದೆ. ಒಂಟಿ ರಾಜನನ್ನು ಬಿಟ್ಟು ಒಂಟಿ 3 ಇಟ್ಟುಕೊಂಡರೆ 7 ಪಾಯಿಂಟ್ ಉಳಿಯುತ್ತದೆ.

ಆದರೆ ಗಮನಿಸಿ: ಇದರಿಂದ ಕಡಿಮೆಯಾಗುವುದು ಸೋಲಿನ ಭಾರ ಮಾತ್ರ. ಬೇಕಾದ ಎಲೆಯನ್ನು ಈ ಉಪಾಯ ತಂದುಕೊಡುವುದಿಲ್ಲ.

ಹೇಳಿಕೆ 2: ‘ಬಿದ್ದ ಎಲೆ ನೆನಪಿಟ್ಟರೆ ಗೆಲುವು ನಿಮ್ಮದೇ’

ಅರ್ಧ ಸರಿ. ಒಂದು ಲೆಕ್ಕ ಹಾಕೋಣ. ಇಬ್ಬರು ಆಡುತ್ತಿದ್ದಾರೆ. ಎರಡು ಕಟ್ಟು ಮತ್ತು ಎರಡು ಜೋಕರ್ ಸೇರಿ 106 ಎಲೆ. ನಿಮ್ಮ ಕೈಯಲ್ಲಿ 13, ತೆರೆದಿಟ್ಟದ್ದು 1, ಜೋಕರ್ ತೋರಿಸಲು ತೆಗೆದದ್ದು 1. ಉಳಿದ 91 ಎಲೆ ನಿಮಗೆ ಕಾಣುವುದಿಲ್ಲ.

ನಿಮ್ಮ ಬಳಿ ಆಟೀನು 6 ಮತ್ತು 7 ಇವೆ ಎಂದುಕೊಳ್ಳಿ. ಆಟೀನು 5 ಬಂದರೂ ಆದೀತು, 8 ಬಂದರೂ ಆದೀತು. ಎರಡು ಕಟ್ಟಿನಲ್ಲಿ ಅಂಥ ಎಲೆ ಒಟ್ಟು 4. ಜೋಕರ್ ಲೆಕ್ಕ ಬಿಟ್ಟರೆ, ಮುಚ್ಚಿದ ಗುಂಪಿನಿಂದ ಒಂದು ಎಲೆ ಎತ್ತಿದಾಗ ಅದು ಬೇಕಾದದ್ದೇ ಆಗಿರುವ ಸಾಧ್ಯತೆ ಸುಮಾರು 23ರಲ್ಲಿ 1. ಅದೇ ನಿಮ್ಮ ಬಳಿ 6 ಮತ್ತು 8 ಇದ್ದು ನಡುವಿನ 7 ಬೇಕಿದ್ದರೆ, ಸಾಧ್ಯತೆ ಅದರ ಅರ್ಧಕ್ಕೆ ಇಳಿಯುತ್ತದೆ. ಅಂದರೆ ಎರಡೂ ಕಡೆ ಬೆಳೆಯುವ ಜೋಡಿಯನ್ನು ಉಳಿಸಿ, ನಡುವೆ ಸಂದು ಇರುವ ಜೋಡಿಯನ್ನು ಒಗೆಯುವುದು ಜಾಣತನ.

ನೆನಪಿನ ಕೆಲಸ ಇರುವುದು ಇಲ್ಲೇ. ಎರಡೂ ಆಟೀನು 8 ಆಗಲೇ ಒಗೆದದ್ದನ್ನು ನೀವು ನೋಡಿದ್ದರೆ, ಉಳಿದದ್ದು ಎರಡು 5 ಮಾತ್ರ. ಆಗ ಆ ಜೋಡಿಯನ್ನು ಹಿಡಿದು ಕೂರುವುದರಲ್ಲಿ ಮೊದಲಿನಷ್ಟು ಅರ್ಥವಿಲ್ಲ.

ಆದರೆ ನೆನಪಿಗೂ ಮಿತಿ ಇದೆ. ನಾಲ್ಕೂ ಎಲೆ ಕಾಣದೆ ಉಳಿದಿವೆ ಎಂದೇ ಇಟ್ಟುಕೊಳ್ಳಿ. ಐದು ಸರದಿ ಎತ್ತಿದರೂ ಬೇಕಾದ ಎಲೆ ಸಿಗುವ ಸಾಧ್ಯತೆ ಸುಮಾರು ನೂರಕ್ಕೆ 20. ಐದರಲ್ಲಿ ನಾಲ್ಕು ಸಲ ಬರಿಗೈ. ಎಷ್ಟೇ ಚುರುಕಾಗಿ ಎಲೆ ಒಗೆದರೂ ಮುಚ್ಚಿದ ಗುಂಪಿನ ಮೇಲೆ ಯಾರ ಹಿಡಿತವೂ ಇಲ್ಲ.

ಹೇಳಿಕೆ 3: ‘ಎದುರಿನವರಿಗೆ ಗಾಳ ಹಾಕಿ’

ನಿಮಗೆ ಆಟೀನು 8 ಬೇಕಿದೆ. ನೀವು ಕಳಾವರ 8 ಒಗೆಯುತ್ತೀರಿ. ‘ಇವರಿಗೆ 8 ಬೇಡ’ ಎಂದು ಎದುರಿನವರು ನಂಬಿ ತಮ್ಮ ಆಟೀನು 8 ಬಿಡಬಹುದು. ಇದು ಹಳೆಯ ಉಪಾಯ, ಕೆಲವೊಮ್ಮೆ ಫಲಿಸುತ್ತದೆ. ಆದರೆ ಆ ಎಲೆ ಅವರ ಕೈಯಲ್ಲಿ ಇರಬೇಕು, ಅದು ಅವರಿಗೆ ಬೇಡವಾಗಿರಬೇಕು, ಜೊತೆಗೆ ಈ ಉಪಾಯ ಅವರಿಗೆ ಗೊತ್ತಿರಬಾರದು. ಸಾವಿರಾರು ಜನರಿಗೆ ಫಾರ್ವರ್ಡ್ ಆದ ಗುಟ್ಟು ಗುಟ್ಟಾಗಿ ಉಳಿಯುವುದಿಲ್ಲ. ಎಲ್ಲರೂ ಒಂದೇ ಪಾಠ ಓದಿ ಬಂದರೆ ಯಾರಿಗೂ ಅದರ ಲಾಭವಿಲ್ಲ.

ಹೇಳಿಕೆ 4: ‘ಇದು ಕೌಶಲದ ಆಟ, ಹಾಗಾಗಿ ಗಳಿಕೆ ಖಚಿತ’

ಇದು ತಪ್ಪು. ಹಣವಿಟ್ಟು ಆಡುವ ಆ್ಯಪ್ ಪ್ರತಿ ಆಟದಲ್ಲೂ ತನ್ನ ಪಾಲು ಎತ್ತಿಕೊಳ್ಳುತ್ತದೆ. ಉದಾಹರಣೆಗೆ, ಇಬ್ಬರು ತಲಾ 100 ರೂಪಾಯಿ ಹಾಕಿದ್ದಾರೆ, ಆ್ಯಪ್ 10 ರೂಪಾಯಿ ತೆಗೆದುಕೊಳ್ಳುತ್ತದೆ ಎಂದು ಭಾವಿಸೋಣ. ಗೆದ್ದವರಿಗೆ 90 ರೂಪಾಯಿ ಲಾಭ, ಸೋತವರಿಗೆ 100 ರೂಪಾಯಿ ನಷ್ಟ. ಇಬ್ಬರೂ ಸಮಬಲರಾಗಿದ್ದು 100 ಆಟದಲ್ಲಿ ತಲಾ 50 ಗೆದ್ದರೆ, ಒಬ್ಬೊಬ್ಬರೂ 500 ರೂಪಾಯಿ ಕಳೆದುಕೊಂಡಿರುತ್ತಾರೆ. ಆ್ಯಪ್‌ಗೆ 1,000 ರೂಪಾಯಿ. ಬರೀ ಅಸಲು ಉಳಿಯಬೇಕೆಂದರೂ 100ರಲ್ಲಿ 53 ಆಟ ಗೆಲ್ಲಬೇಕು. ಮೊಬೈಲಿನಲ್ಲಿ ಎದುರಿಗೆ ಕೂತವರು ಎಷ್ಟು ಪಳಗಿದವರು, ಮನುಷ್ಯರೋ ಯಂತ್ರವೋ ಎಂಬುದೂ ನಿಮಗೆ ತಿಳಿಯುವುದಿಲ್ಲ.

ಹೇಳಿಕೆ 5: ‘ಸುಪ್ರೀಂ ಕೋರ್ಟೇ ರಮ್ಮಿಗೆ ಒಪ್ಪಿಗೆ ಕೊಟ್ಟಿದೆ’

ಇದು ಅರ್ಧ ಮಾತು. ಸಿಕಂದರಾಬಾದಿನ ಕ್ಲಬ್ಬೊಂದರ ಪ್ರಕರಣದಲ್ಲಿ 1967ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟ ಎಂದಿತು. ಅದಕ್ಕೆ ಕೊಟ್ಟ ಕಾರಣವೂ ನಮ್ಮ ವಿಷಯವೇ: ಬಿದ್ದ ಎಲೆ ನೆನಪಿಡಲು, ಯಾವುದನ್ನು ಇಟ್ಟು ಯಾವುದನ್ನು ಬಿಡಬೇಕೆಂದು ನಿರ್ಧರಿಸಲು ಜಾಣ್ಮೆ ಬೇಕು. ಅಂದರ್ ಬಾಹರ್‌ನಲ್ಲಿ ಇಂಥ ಆಯ್ಕೆಯೇ ಇಲ್ಲ, ಎಲೆ ಯಾವ ಕಡೆ ಬಿತ್ತೋ ಅಷ್ಟೇ. ಆದರೆ ಆಟದ ಹೆಸರಿನಲ್ಲಿ ಜಾಗದ ಮಾಲೀಕರು ಜೂಜಿನ ಲಾಭ ಮಾಡಿಕೊಂಡರೆ ಅಪರಾಧವಾಗಬಹುದು ಎಂದೂ ಅದೇ ತೀರ್ಪು ಹೇಳಿತ್ತು. ಫಾರ್ವರ್ಡ್‌ಗಳಲ್ಲಿ ಈ ಭಾಗ ಇರುವುದಿಲ್ಲ.

ನಂತರ ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣದ ಆನ್‌ಲೈನ್ ಆಟ ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಹಲವು ಸಂದೇಶಗಳ ಕಥೆ ಇಲ್ಲಿಗೇ ನಿಲ್ಲುತ್ತದೆ. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಹೊಸ ಕಾಯ್ದೆಗೆ ಒಪ್ಪಿಗೆ ನೀಡಿತು. ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಆಟ ಕೌಶಲದ್ದೋ ಅದೃಷ್ಟದ್ದೋ ಎಂಬ ಭೇದವನ್ನು ಇದು ನೋಡುವುದಿಲ್ಲ. ಹಣದ ಆನ್‌ಲೈನ್ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಜಾಹೀರಾತು ಕೊಡುವುದೂ ಅಪರಾಧ. ಇದಾದ ಮೇಲೆ ದೊಡ್ಡ ರಮ್ಮಿ ಆ್ಯಪ್‌ಗಳು ಹಣದ ಆಟ ನಿಲ್ಲಿಸಿದವು.

ಹಾಗಾದರೆ ಏನು ಮಾಡಬೇಕು?

ಮನೆಮಂದಿ, ಗೆಳೆಯರ ಜೊತೆ ಹಣವಿಲ್ಲದೆ ಆಡುವಾಗ ಮೇಲಿನ ಲೆಕ್ಕಗಳನ್ನು ಬಳಸಿ ನೋಡಿ, ಆಟ ಇನ್ನಷ್ಟು ರುಚಿಸುತ್ತದೆ. ‘ಗ್ಯಾರಂಟಿ ಗೆಲುವು’ ಎಂಬ ಸಂದೇಶದ ಜೊತೆ ಲಿಂಕ್ ಇದ್ದರೆ ಒತ್ತಬೇಡಿ. ಪ್ಲೇ ಸ್ಟೋರ್‌ನ ಹೊರಗಿನಿಂದ ಆ್ಯಪ್ ಇಳಿಸಿಕೊಳ್ಳಬೇಡಿ, ಒಟಿಪಿ ಕೊಡಬೇಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮನೆಯಲ್ಲಿ ಯಾರಿಗಾದರೂ ಆಟದ ಚಟ ಹತ್ತಿದ್ದರೆ ಬೈದು ಮೂಲೆಗೆ ಕೂರಿಸಬೇಡಿ. ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಿ ಮಾತಾಡಬಹುದು.

ನಮ್ಮ ತೀರ್ಮಾನ: ಎಲೆ ಒಗೆಯುವುದರಲ್ಲಿ ಕೌಶಲ ಇದೆ ಎಂಬುದು ನಿಜ. ಆ ಕೌಶಲದಿಂದ ಹಣದ ಗೆಲುವು ಖಚಿತ ಎಂಬುದು ಸುಳ್ಳು. ಅಂಥ ಸಂದೇಶ ನಿಮ್ಮ ಗುಂಪಿಗೆ ಬಂದರೆ ಮುಂದೆ ಕಳಿಸಬೇಡಿ, ಇಲ್ಲಿನ ಲೆಕ್ಕ ಕಳಿಸಿ.